ಅಣಬೆ ಯಾರಿಗೆ ಔಷಧಿ, ಯಾರಿಗೆ ಜೈಲು?

ಸ್ವಲ್ಪ ಉದ್ದದ ಪೋಸ್ಟ್ ಇದು. ಬಿಡುವಾದಾಗ ಕೂತು ಓದಿ.

ಮೂರು ವಾರದ ಹಿಂದೆ, ರಾತ್ರಿ ಹನ್ನೊಂದೂವರೆಗೆ ಒಬ್ಬ ತಮ್ಮ ಫೋನ್ ಮಾಡಿದ. ನಾನು ಓದಿದ ಹಾಸ್ಟೆಲ್ಲಿನಲ್ಲೇ ನನಗಿಂತ ಹತ್ತು ವರ್ಷ ಆಮೇಲೆ ಓದಿದವನು. ಈಗ ಬೆಂಗಳೂರಿನಲ್ಲಿ ಎಂ.ಎಸ್ಸಿ. ಎರಡು ವರ್ಷದಿಂದ ಅವನಿಗೆ ಸರಿಯಿಲ್ಲ ಅನ್ನೋದು ನಮಗೆ ಕೆಲವರಿಗೆ ಗೊತ್ತು. ನಿದ್ದೆ ಬರಲ್ಲ, ಕ್ಲಾಸಿಗೆ ಹೋಗಲ್ಲ, ಊರಿಗೆ ಫೋನ್ ಮಾಡಲ್ಲ. ಡಾಕ್ಟ್ರು ಬರೆದುಕೊಟ್ಟ ಮಾತ್ರೆ ತಗೋತಿದ್ದಾನೆ.

"ಅಣ್ಣ, ಒಂದು ಮಾತು ಕೇಳ್ತೀನಿ, ಬೈಬೇಡ" ಅಂದ. "ನಮ್ ಕ್ಲಾಸಿನೋರು ಕೊಡೈಕೆನಾಲ್‌ಗೆ ಹೊರಟಿದ್ದಾರೆ. ಅಲ್ಲಿ ಮ್ಯಾಜಿಕ್ ಮಶ್ರೂಮ್ ಸಿಗುತ್ತಂತೆ. ಒಂದೇ ಸಲ ತಗೊಂಡ್ರೆ ಡಿಪ್ರೆಶನ್ ಹೋಗುತ್ತೆ ಅಂತ ಫಾರಿನ್ ರಿಸರ್ಚೇ ಹೇಳಿದೆಯಂತೆ. ಹೌದಾ?"

ನಿಜ ಹೇಳ್ತೀನಿ, ಬೈಯೋಣ ಅನ್ನಿಸ್ತು. ಬಾಯಿಗೆ ಬಂದದ್ದು "ನಿಮ್ಮಪ್ಪ ಅವ್ವ ಕೂಲಿ ಮಾಡಿ ಓದಿಸ್ತಿರೋದು ಇದಕ್ಕಾ" ಅನ್ನೋ ಮಾತು. ಅದನ್ನು ನುಂಗಿಕೊಂಡೆ. ಯಾಕಂದ್ರೆ ಈ ಹುಡುಗ ಮೋಜಿಗೆ ಕೇಳ್ತಿರಲಿಲ್ಲ, ಬದುಕೋಕೆ ಕೇಳ್ತಿದ್ದ. "ಈ ಸಲ ಹೋಗಬೇಡ. ನಾನು ಓದಿ ತಿಳ್ಕೊಂಡು ಹೇಳ್ತೀನಿ" ಅಂದೆ. ಹೋಗಲಿಲ್ಲ. ಮೂರು ವಾರ ಓದಿದೆ. ವೈದ್ಯರಾಗಿರುವ ಇಬ್ಬರು ಗೆಳೆಯರನ್ನೂ ಕೇಳಿದೆ. ಅವನಿಗೆ ಕೊಟ್ಟ ಉತ್ತರವನ್ನೇ ಅವನ ಒಪ್ಪಿಗೆ ಪಡೆದು ಇಲ್ಲಿ ಹಾಕ್ತಿದ್ದೀನಿ. ಇದೇ ಪ್ರಶ್ನೆ ಇಟ್ಟುಕೊಂಡು ಯಾರನ್ನೂ ಕೇಳಲಾಗದೆ ಕೂತಿರುವ ಇನ್ನೂ ಹತ್ತಾರು ಮಂದಿ ನಮ್ಮಲ್ಲಿ ಇದ್ದೇ ಇರ್ತಾರೆ.

ಮೊದಲು ನಮ್ಮವ್ವನ ವಿಷಯ.

ನಾನು ಹುಟ್ಟಿದ್ದು ಕಾಫಿ ತೋಟದ ಲೈನ್ ಮನೆಯಲ್ಲಿ. ಮುಂಗಾರು ಶುರುವಾಗಿ ಗುಡುಗು ಹೊಡೆದ ಮಾರನೇ ದಿನ ಅವ್ವ ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ನಸುಕಿಗೇ ಹೊರಡೋಳು. ಹುತ್ತದ ಹತ್ತಿರ ಅಣಬೆ ಎದ್ದಿರೋ ಜಾಗ ಅವಳಿಗೆ ಬಾಯಿಪಾಠ. ಮಡಿಲು ತುಂಬ ತಂದು ಖಾರ ಅರೆದು ಸಾರು ಮಾಡಿದ್ರೆ ಆವತ್ತು ನಮಗೆ ಹಬ್ಬ. ಮಾಂಸ ತರೋಕೆ ಕಾಸಿಲ್ಲದ ದಿನಗಳಲ್ಲಿ ಅದೇ ನಮ್ಮ ಮಾಂಸ. ನಾನು ಸಗಣಿ ಮೇಲೆ ಎದ್ದ ಒಂದನ್ನು ಕಿತ್ತು ತಂದಾಗ ಕೈ ಮೇಲೆ ಹೊಡೆದು ಬಿಸಾಕಿಸಿದ್ಲು. "ಅದು ನಾಯಿಕೊಡೆ, ತಿಂದ್ರೆ ತಲೆ ತಿರುಗ್ತದೆ" ಅಂದ್ಲು. ಇವತ್ತು ಬೆಂಗಳೂರಿನ ಹುಡುಗರು ಸಾವಿರಾರು ರೂಪಾಯಿ ಕೊಟ್ಟು ಹುಡುಕ್ತಿರೋ ಮುಖ್ಯ ಜಾತಿಯ ಅಣಬೆಯೂ ಸಗಣಿ ಮೇಲೆ ಏಳುವಂಥದ್ದೇ. ಅವ್ವ ಬಿಸಾಕಿಸಿದ್ದು ಅದೇನಾ, ಬೇರೇದಾ, ಈಗ ಹೇಳೋಕಾಗಲ್ಲ. ಆದರೆ ಗೊತ್ತಿಲ್ಲದ್ದನ್ನು ಬಾಯಿಗೆ ಹಾಕಬಾರದು ಅನ್ನೋದು ಅವಳ ಕಾಯಿದೆ.

ಆ ಕಾಯಿದೆಗೆ ಬೆಲೆ ಇದೆ. 2022ರ ಏಪ್ರಿಲ್‌ನಲ್ಲಿ ಮೇಲಿನ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ಸತ್ತರು. ಹೆಚ್ಚಿನವರು ಚಹಾ ತೋಟದ ಕಾರ್ಮಿಕರು, ನಮ್ಮ ಲೈನ್ ಮನೆಗಳಂಥ ಮನೆಗಳಲ್ಲೇ ಇದ್ದ ಜನ. ಅವರು ನಶೆಗೆ ತಿಂದವರಲ್ಲ, ಊಟಕ್ಕೆ ತಿಂದವರು. ವಿಷದ ಅಣಬೆಗಳಲ್ಲಿ ಕೆಲವು ನೋಡೋಕೆ ತಿನ್ನೋ ಅಣಬೆ ಥರವೇ ಇರ್ತವೆ, ಕೆಲವು 'ಮ್ಯಾಜಿಕ್' ಅಣಬೆ ಥರವೂ ಇರ್ತವೆ. ಅತಿ ಕೆಟ್ಟವು ತಿಂದ ಕೂಡಲೇ ಏನೂ ತೋರಿಸಲ್ಲ. ಆರು ಗಂಟೆ, ಹನ್ನೆರಡು ಗಂಟೆ ಕಳೆದ ಮೇಲೆ ವಾಂತಿ ಭೇದಿ ಶುರುವಾಗುತ್ತೆ. ಮಧ್ಯೆ ಒಂದು ದಿನ ಸುಧಾರಿಸಿದ ಹಾಗೆ ಕಾಣಿಸಿ, ಆಮೇಲೆ ಲಿವರ್ ಹೋಗುತ್ತೆ. ಬೆಳ್ಳಿ ನಾಣ್ಯ ಹಾಕಿದ್ರೆ ಕಪ್ಪಾಗುತ್ತೆ, ಬೆಳ್ಳುಳ್ಳಿ ಹಾಕಿ ಬೇಯಿಸಿದ್ರೆ ಗೊತ್ತಾಗುತ್ತೆ ಅನ್ನೋದೆಲ್ಲ ಸುಳ್ಳು. ಗುಡ್ಡದ ದಾರೀಲಿ ಕಾಗದದಲ್ಲಿ ಸುತ್ತಿ ಯಾರೋ ಕೊಟ್ಟಿದ್ದನ್ನು ತಿನ್ನೋನಿಗೆ ತಾನು ತಿಂದದ್ದು ಏನು ಅನ್ನೋದೇ ಗೊತ್ತಿರಲ್ಲ. ಚಾಕೊಲೇಟ್ ಮಾಡಿ ಮಾರಿದ್ರೆ ಕಣ್ಣಿಗೂ ಕಾಣಿಸಲ್ಲ. ತಮ್ಮಾ, ಮೊದಲನೇ ಅಪಾಯ ಇದು.

ಹಾಗಾದ್ರೆ ಈ 'ಮ್ಯಾಜಿಕ್' ಅಂದ್ರೇನು? ಕೆಲವು ಅಣಬೆಗಳಲ್ಲಿ ಸಿಲೋಸೈಬಿನ್ ಅನ್ನೋ ರಾಸಾಯನಿಕ ಇರುತ್ತೆ. ಮೈಯೊಳಗೆ ಅದು ಸಿಲೋಸಿನ್ ಆಗಿ ಬದಲಾಗಿ, ಮಿದುಳಿನಲ್ಲಿ ಸೆರೊಟೋನಿನ್ ಕೂರುವ ಜಾಗಗಳಲ್ಲಿ ಹೋಗಿ ಕೂರುತ್ತೆ. ನಾಲ್ಕರಿಂದ ಆರು ಗಂಟೆ ಕಾಲ ಬಣ್ಣ, ಸದ್ದು, ಹೊತ್ತು, 'ನಾನು' ಅನ್ನೋ ಭಾವ ಎಲ್ಲ ಬೇರೆ ಥರ ಆಗುತ್ತೆ. ಕೆಲವರಿಗೆ ಆನಂದ, ಕೆಲವರಿಗೆ ಸಾಯೋಷ್ಟು ಭಯ, ಒಬ್ಬನಿಗೇ ಎರಡೂ ಆಗಬಹುದು. ಸಾರಾಯಿ, ಹೆರಾಯಿನ್ ಥರ ಮೈಗೆ ಅಂಟಿಕೊಳ್ಳೋ ಚಟ ಇದಲ್ಲ ಅನ್ನೋದೂ ನಿಜ. ಇರೋದನ್ನ ಇದ್ದ ಹಾಗೆ ಹೇಳಬೇಕು.

ಇದನ್ನು ಜಗತ್ತಿಗೆ ಗೊತ್ತು ಮಾಡಿದ್ದು ಯಾವ ಪ್ರಯೋಗಾಲಯವೂ ಅಲ್ಲ. ಮೆಕ್ಸಿಕೋದ ಓಹಾಕಾ ಪ್ರಾಂತ್ಯದಲ್ಲಿ ವಾವ್ಟ್ಲಾ ಅಂತ ಒಂದು ಬೆಟ್ಟದೂರು. ಅಲ್ಲಿ ಮಜಾಟೆಕ್ ಮೂಲನಿವಾಸಿ ಸಮುದಾಯದ ಮರಿಯಾ ಸಬೀನಾ ಅನ್ನೋ ಹೆಣ್ಣುಮಗಳು, ಓದು ಬರಹ ಬರದ ಬಡವಿ, ರಾತ್ರಿಯೆಲ್ಲ ಹಾಡಿ ಈ ಅಣಬೆಯಿಂದ ಕಾಯಿಲೆಯವರನ್ನು ನೋಡ್ತಿದ್ದಳು. ಅವಳ ಜನ ಅಣಬೆಯನ್ನು ತಗೋತಿದ್ದದ್ದು ಕಾಯಿಲೆಗೆ, ಮಜಕ್ಕಲ್ಲ. ಸ್ಪೇನಿನವರು ಬಂದ ಮೇಲೆ ಪಾದ್ರಿಗಳು ಇದನ್ನು ಸೈತಾನನ ಕೆಲಸ ಅಂತ ತುಳಿದಿದ್ದರು. ನಾಲ್ಕು ನೂರು ವರ್ಷ ಕದ್ದುಮುಚ್ಚಿ ಉಳಿಸಿಕೊಂಡ ವಿದ್ಯೆ ಅದು.

1955ರಲ್ಲಿ ನ್ಯೂಯಾರ್ಕಿನ ಜೆ.ಪಿ. ಮಾರ್ಗನ್ ಬ್ಯಾಂಕಿನ ಉಪಾಧ್ಯಕ್ಷ ಗಾರ್ಡನ್ ವ್ಯಾಸನ್ ಅಲ್ಲಿಗೆ ಬಂದ. ಊರಿನಲ್ಲಿರೋ ಮಗನ ಕ್ಷೇಮ ತಿಳೀಬೇಕು ಅನ್ನೋ ನೆಪ ಹೇಳಿ ಆ ಜಾಗರಣೆಯಲ್ಲಿ ಕೂತ. 1957ರ ಮೇ ತಿಂಗಳಲ್ಲಿ 'ಲೈಫ್' ಪತ್ರಿಕೆಯಲ್ಲಿ ಫೋಟೋ ಸಮೇತ ಬರೆದ. ಅವಳ ಹೆಸರು ಬದಲಾಯಿಸಿದ್ದ ನಿಜ, ಆದರೆ ಊರು ಹುಡುಕೋದು ಜನಕ್ಕೆ ಕಷ್ಟ ಆಗಲಿಲ್ಲ. ನಡುವೆ 1956ರಲ್ಲಿ ಅವನ ಜೊತೆ ಹೋದ ತಂಡದೊಳಗೆ ಅಮೆರಿಕದ ಬೇಹುಗಾರ ಸಂಸ್ಥೆ ಸಿಐಎಯ ದುಡ್ಡಿನಲ್ಲಿ ಹೋದ ಒಬ್ಬ ರಸಾಯನ ವಿಜ್ಞಾನಿಯೂ ಇದ್ದ. 1958ರಲ್ಲಿ ಸ್ವಿಟ್ಜರ್‌ಲೆಂಡಿನ ಸ್ಯಾಂಡೋಜ್ ಕಂಪನಿಯ ಆಲ್ಬರ್ಟ್ ಹಾಫ್‌ಮನ್ ಅಣಬೆಯಿಂದ ಸಿಲೋಸೈಬಿನ್ ಬೇರ್ಪಡಿಸಿದ. ಅಲ್ಲಿಂದ ಮಾತ್ರೆ ಆಯ್ತು.

ಅವಳಿಗೇನು ಸಿಕ್ತು? ಅರವತ್ತರ ದಶಕದಲ್ಲಿ ನಶೆ ಹುಡುಕಿ ಬಂದವರು ಅವಳೂರಿಗೆ ಮುತ್ತಿಕೊಂಡರು. ಹಿಂದೆಯೇ ಪೊಲೀಸರು ಬಂದರು. ಗುಟ್ಟನ್ನು ಹೊರಗೆ ಬಿಟ್ಟಳು ಅಂತ ಊರವರು ಅವಳ ಮೇಲೆ ತಿರುಗಿಬಿದ್ದರು, ಅವಳ ಮನೆ ಸುಟ್ಟುಹೋಯಿತು. ಪರದೇಶದವರು ಬಂದ ಮೇಲೆ ಅಣಬೆಯ ಶಕ್ತಿಯೇ ಹೋಯ್ತು ಅಂತ ಕೊನೆಗಾಲದಲ್ಲಿ ನೊಂದುಕೊಂಡಳು. 1985ರಲ್ಲಿ ಬಡತನದಲ್ಲೇ ಸತ್ತಳು.

ಈ ಕತೆ ನಮಗೆ ಹೊಸದಾ? ಚರ್ಮ ಹದ ಮಾಡೋ ವಿದ್ಯೆ, ತಮಟೆ ಹದಗೊಳಿಸೋ ವಿದ್ಯೆ, ಸೂಲಗಿತ್ತಿಯ ವಿದ್ಯೆ. ನಮ್ಮ ಕೈಯಲ್ಲಿದ್ದಷ್ಟು ದಿನ ಅವೆಲ್ಲ ಮೈಲಿಗೆ. ಅವರ ಕೈಗೆ ಹೋದ ದಿನ ಉದ್ಯಮ, ಕಲೆ, ವಿಜ್ಞಾನ.

ಇನ್ನೊಂದು ಕತೆ ಇದೆ, ಅದು ಇನ್ನೂ ಹತ್ತಿರದ್ದು. ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಸರ್ಕಾರದ್ದೇ ಒಂದು ವ್ಯಸನ ಸಂಶೋಧನಾ ಕೇಂದ್ರವಿತ್ತು. ಐವತ್ತರ ದಶಕದಲ್ಲಿ ಹ್ಯಾರಿಸ್ ಇಸ್ಬೆಲ್ ಅನ್ನೋ ವೈದ್ಯ ಅಲ್ಲಿನ ಕೈದಿಗಳ ಮೇಲೆ, ಅವರಲ್ಲಿ ಬಹುಪಾಲು ಕಪ್ಪು ಜನರ ಮೇಲೆ, ಎಲ್‌ಎಸ್‌ಡಿ ಪ್ರಯೋಗ ಮಾಡಿದ. ಸಿಲೋಸೈಬಿನ್ನನ್ನೂ ಕೊಟ್ಟು ನೋಡಿದ. ಕೆಲವರಿಗೆ ಸತತ 77 ದಿನ ಎಲ್‌ಎಸ್‌ಡಿ ಕೊಟ್ಟಿದ್ದ. ಅವರು 'ಒಪ್ಪಿಕೊಂಡಿದ್ದರು' ಅಂತಾರೆ. ಒಪ್ಪಿದ್ದಕ್ಕೆ ಕೂಲಿಯಾಗಿ ಕೊಟ್ಟದ್ದು ಏನು ಗೊತ್ತಾ? ಅವರು ಯಾವ ಚಟದಿಂದ ಅಲ್ಲಿಗೆ ಬಂದಿದ್ದರೋ ಅದೇ ಮಾದಕ ವಸ್ತು. ಇದಕ್ಕೂ ಸಿಐಎ ದುಡ್ಡು. 1975ರಲ್ಲಿ ಅಮೆರಿಕದ ಸೆನೆಟ್ ಮುಂದೆ ಇದೆಲ್ಲ ಬಯಲಿಗೆ ಬಂತು. ಅದೇ ಕಾಲದಲ್ಲಿ ಹಾರ್ವರ್ಡಿನ ಕಡೆ ಓದಿದ ಬಿಳಿ ಜನ ಹಾಡು ಕೇಳ್ತಾ, ಮೇಣದ ಬತ್ತಿ ಹಚ್ಕೊಂಡು ಇದೇ ಸಿಲೋಸೈಬಿನ್ ತಗೊಂಡು ದೇವರ ದರ್ಶನದ ಬಗ್ಗೆ ಬರೀತಿದ್ರು. ವಸ್ತು ಒಂದೇ. ಒಬ್ಬನಿಗೆ ಅಧ್ಯಾತ್ಮ, ಇನ್ನೊಬ್ಬನಿಗೆ ಕೈಕೋಳ.

ಆದ್ರಿಂದ ಯಾರಾದ್ರೂ "ಹೊಸ ಔಷಧಿ ಬಂದಿದೆ" ಅಂದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ: ಅಪಾಯ ಯಾರ ಮೈಮೇಲೆ, ಲಾಭ ಯಾರ ಮಡಿಲಿಗೆ?

ಇಷ್ಟು ಹೇಳಿ ಪೋಸ್ಟ್ ಮುಗಿಸಿದ್ರೆ ನಮ್ಮವರು ಚಪ್ಪಾಳೆ ಹೊಡೀತಾರೆ. ಆದ್ರೆ ಅದು ಅರ್ಧ ಸತ್ಯ. ಲಾಭದ ಕಡೆಯನ್ನೂ ಪ್ರಾಮಾಣಿಕವಾಗಿ ನೋಡಬೇಕು.

2016ರಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳಲ್ಲಿ ಕ್ಯಾನ್ಸರ್ ಬಂದು ಸಾವಿನ ಭಯದಲ್ಲಿದ್ದವರಿಗೆ ಸಿಲೋಸೈಬಿನ್ ಕೊಟ್ಟು ನೋಡಿದರು. ಒಂದು ಕಡೆ 51 ಮಂದಿ, ಇನ್ನೊಂದು ಕಡೆ 29 ಮಂದಿ. ಬಹಳ ಜನರ ಭಯ, ಖಿನ್ನತೆ ತಿಂಗಳುಗಟ್ಟಲೆ ಇಳಿದಿತ್ತು. 2022ರಲ್ಲಿ, ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆ ಇದ್ದ 233 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. 25 ಮಿಲಿಗ್ರಾಂ ಒಂದೇ ಸಲ ತಗೊಂಡವರಲ್ಲಿ ಮೂರು ವಾರದ ಹೊತ್ತಿಗೆ ಶೇ. 37ರಷ್ಟು ಮಂದಿಗೆ ಗಣನೀಯ ಸುಧಾರಣೆ. ಹೆಸರಿಗಷ್ಟೇ ಅನ್ನುವಂತೆ 1 ಮಿಲಿಗ್ರಾಂ ತಗೊಂಡವರಲ್ಲಿ ಶೇ. 18.

ನನ್ನ ಕಣ್ಣು ನಿಂತದ್ದು ಇನ್ನೊಂದರ ಮೇಲೆ. ಅದೇ 2022ರಲ್ಲಿ ನ್ಯೂಯಾರ್ಕಿನವರು ಕುಡಿತದ ಚಟ ಇದ್ದ 93 ಮಂದಿಯ ಮೇಲೆ ಮಾಡಿದ ಪರೀಕ್ಷೆ ಪ್ರಕಟವಾಯ್ತು. ಎಲ್ಲರಿಗೂ ಆಪ್ತಸಮಾಲೋಚನೆ ಕೊಟ್ಟರು. ಅರ್ಧ ಜನಕ್ಕೆ ಎರಡು ಸಲ ಸಿಲೋಸೈಬಿನ್, ಉಳಿದವರಿಗೆ ಅಲರ್ಜಿಯ ಮಾತ್ರೆ. ಆಮೇಲಿನ 32 ವಾರಗಳಲ್ಲಿ ವಿಪರೀತ ಕುಡಿದ ದಿನಗಳು ಒಂದು ಗುಂಪಿನಲ್ಲಿ ನೂರಕ್ಕೆ ಸುಮಾರು 10, ಇನ್ನೊಂದರಲ್ಲಿ ಸುಮಾರು 24.

ಇದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ನಮ್ಮಪ್ಪ ಸತ್ತದ್ದು ಕುಡಿದು. ಪಾಕೆಟ್ ಸಾರಾಯಿ. ಶನಿವಾರ ಬಟವಾಡೆ, ಭಾನುವಾರಕ್ಕೆ ಜೇಬು ಖಾಲಿ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸೋ ಹೊತ್ತಿಗೆ ಅಪ್ಪ ಮಣ್ಣಾಗಿ ಮೂರು ವರ್ಷ ಆಗಿತ್ತು. ಅಪ್ಪನಿಗೆ ಜೀವನಪೂರ್ತಿ ಸಿಕ್ಕ ಚಿಕಿತ್ಸೆ ಎರಡು: ಸಾಹುಕಾರರ ಬೈಗುಳ, ಅವ್ವನ ಕಣ್ಣೀರು. ಆದ್ರಿಂದ ಕುಡಿತ ಬಿಡಿಸೋ ಔಷಧಿ ಬರಬಹುದು ಅಂತ ಯಾರಾದ್ರೂ ಹೇಳಿದ್ರೆ "ಅದು ಶ್ರೀಮಂತರ ಶೋಕಿ" ಅಂತ ನಾನು ನಗೋಕಾಗಲ್ಲ. ನಮ್ಮ ಕೇರಿಗಳಲ್ಲಿ ಎಷ್ಟು ಅಪ್ಪಂದಿರು ಹೀಗೆ ಹೋದರು ಅನ್ನೋದು ನಿಮಗೂ ಗೊತ್ತು.

ಈಗ ಎದುರಿನ ತಕ್ಕಡಿ.

ಒಂದು, ಈ ಪರೀಕ್ಷೆಗಳು ಚಿಕ್ಕವು. ತಗೊಂಡವನಿಗೆ ತಾನು ತಗೊಂಡದ್ದು ಅಸಲಿಯಾ ನಕಲಿಯಾ ಅನ್ನೋದು ಅರ್ಧ ಗಂಟೆಯಲ್ಲೇ ಗೊತ್ತಾಗಿಬಿಡುತ್ತೆ. ಆಗ ನಂಬಿಕೆ ಎಷ್ಟು, ಔಷಧಿ ಎಷ್ಟು ಅಂತ ಬಿಡಿಸೋದು ಕಷ್ಟ. 2021ರಲ್ಲಿ ಲಂಡನ್ನಿನಲ್ಲಿ 59 ಮಂದಿಯ ಮೇಲೆ ಸಿಲೋಸೈಬಿನ್ನನ್ನು ಸಾಮಾನ್ಯ ಖಿನ್ನತೆಯ ಮಾತ್ರೆಯ ಜೊತೆ ಹೋಲಿಸಿದಾಗ, ಮುಖ್ಯ ಅಳತೆಗೋಲಿನಲ್ಲಿ ಎರಡರ ನಡುವೆ ಖಚಿತ ವ್ಯತ್ಯಾಸ ಕಾಣಲಿಲ್ಲ. ಆ 233 ಮಂದಿಯ ಪರೀಕ್ಷೆಯಲ್ಲೂ ಹನ್ನೆರಡು ವಾರ ಸುಧಾರಣೆ ಉಳಿಸಿಕೊಂಡವರು ಐವರಲ್ಲಿ ಒಬ್ಬರು ಮಾತ್ರ. ಸಾಯೋ ಯೋಚನೆ, ತನಗೆ ತಾನೇ ಗಾಯ ಮಾಡಿಕೊಳ್ಳೋದು ಎಲ್ಲ ಪ್ರಮಾಣದ ಗುಂಪುಗಳಲ್ಲೂ ಕೆಲವರಲ್ಲಿ ಕಂಡಿತ್ತು. "ಒಂದೇ ಸಲಕ್ಕೆ ಡಿಪ್ರೆಶನ್ ಮಾಯ" ಅನ್ನೋದು ರಿಸರ್ಚ್ ಹೇಳಿದ ಮಾತಲ್ಲ, ರೀಲ್ಸ್ ಹೇಳಿದ ಮಾತು.

ಎರಡು, ಅಲ್ಲಿ ಕೊಟ್ಟದ್ದು ಕಾಡಿನ ಅಣಬೆ ಅಲ್ಲ, ಅಳತೆ ಮಾಡಿದ ಶುದ್ಧ ಔಷಧಿ. ಮೊದಲು ದಿನಗಟ್ಟಲೆ ಮಾತುಕತೆ, ತಗೊಂಡ ದಿನ ಆರೆಂಟು ಗಂಟೆ ತರಬೇತಿ ಪಡೆದವರು ಪಕ್ಕದಲ್ಲೇ, ಆಮೇಲೆ ಮತ್ತೆ ಮಾತುಕತೆ. ಎಲ್ಲಕ್ಕಿಂತ ಮುಖ್ಯ, ಯಾರನ್ನು ಸೇರಿಸಬಾರದು ಅನ್ನೋ ಪಟ್ಟಿ. ಸ್ಕಿಜೋಫ್ರೇನಿಯಾ ಥರದ ಕಾಯಿಲೆ, ಬೈಪೋಲಾರ್, ಇವು ಸ್ವಂತಕ್ಕೆ ಇದ್ದರಂತೂ ಇಲ್ಲ, ರಕ್ತಸಂಬಂಧಿಗಳಿಗೆ ಇದ್ದರೂ ಸಾಮಾನ್ಯವಾಗಿ ಸೇರಿಸಲ್ಲ. ಅಂಥವರಲ್ಲಿ ಇದು ಕಾಯಿಲೆಯನ್ನು ಎಬ್ಬಿಸಿಬಿಡಬಹುದು ಅಂತ. ಲಿಥಿಯಂ ಮಾತ್ರೆ ತಗೋತಿರೋರು ಇದನ್ನು ತಗೊಂಡು ಫಿಟ್ಸ್ ಬಂದ ಪ್ರಕರಣಗಳಿವೆ. ಹೃದಯದ ತೊಂದರೆ ಇರೋರಿಗೂ ಅಪಾಯ.

ಇಲ್ಲೇ ನಮ್ಮ ಕಷ್ಟ ಶುರು. "ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತಾ?" ಅನ್ನೋ ಪ್ರಶ್ನೆಗೆ ನಮ್ಮಲ್ಲಿ ಯಾರು ಉತ್ತರ ಕೊಡೋಕಾಗುತ್ತೆ? ನನ್ನ ದೊಡ್ಡವ್ವ ರಾತ್ರಿ ಎದ್ದು ಕೂತು ಯಾರ ಜೊತೆಗೋ ಮಾತಾಡೋಳು. ಗಾಳಿ ಸೋಕಿದೆ ಅಂದ್ರು. ದೇವರ ಗುಡಿಗೆ, ದರ್ಗಾಕ್ಕೆ ಕರಕೊಂಡು ಹೋದ್ರು, ಬೇವಿನ ಸೊಪ್ಪಲ್ಲಿ ಹೊಡೆದ್ರು. ಒಂದಿನ ಕೆರೆಯಲ್ಲಿ ಹೆಣ ಸಿಕ್ತು. ಅವಳಿಗೆ ಏನಾಗಿತ್ತು ಅಂತ ಯಾವ ಡಾಕ್ಟ್ರೂ ಬರೆದಿಟ್ಟಿಲ್ಲ. ಮೂರು ತಲೆಮಾರಿನಿಂದ ಫ್ಯಾಮಿಲಿ ಡಾಕ್ಟ್ರು ಇರೋ ಮನೆಯ ಹುಡುಗ "ಇಲ್ಲ, ನಮ್ಮಲ್ಲಿ ಯಾರಿಗೂ ಇಲ್ಲ" ಅಂತ ಹೇಳಬಹುದು. ನಮಗೆ "ಇಲ್ಲ" ಅನ್ನೋಕೆ ದಾಖಲೆಯೇ ಇಲ್ಲ. ಒಂದೇ ಅಣಬೆ ತಿಂದರೂ ಅವನ ಅಪಾಯ, ನಮ್ಮ ಅಪಾಯ ಒಂದೇ ಅಲ್ಲ.

ಮೂರು, ಆ ಆರು ಗಂಟೆ ಮನುಷ್ಯ ಮಗುವಿನ ಥರ ಆಗಿರ್ತಾನೆ. ಪಕ್ಕದಲ್ಲಿ ಕೂತವರು ಯಾರು ಅನ್ನೋದು ಬಹಳ ಮುಖ್ಯ. ಇದೇ ಬಗೆಯ ಎಂಡಿಎಂಎ ಚಿಕಿತ್ಸೆಯ ಪರೀಕ್ಷೆಯೊಂದರಲ್ಲಿ, ಕೆನಡಾದಲ್ಲಿ, ಚಿಕಿತ್ಸಕರೇ ಹೆಣ್ಣುಮಗಳ ಜೊತೆ ಅನುಚಿತವಾಗಿ ನಡೆದುಕೊಂಡದ್ದು ಬಯಲಾಗಿದೆ. ಈಗ ನಮ್ಮ ಕಡೆಯೂ ನಾಯಿಕೊಡೆಗಳಂತೆ 'ರಿಟ್ರೀಟ್'ಗಳು ಎದ್ದಿವೆ. ಗುರು ಅಂತೆ, ಶಾಮನ್ ಅಂತೆ. ಅಂಥವರ ಮುಂದೆ ಕಣ್ಣು ಕಟ್ಟಿಕೊಂಡು ಮಲಗೋ ನಮ್ಮ ಹೆಣ್ಣುಮಕ್ಕಳಿಗೆ ಏನು ರಕ್ಷಣೆ? ನಿನ್ನ ಜಾತಿ ಗೊತ್ತಾದ ಮೇಲೆ ಅವರ ಕೈ, ಅವರ ಮಾತು ಹೇಗಿರುತ್ತೆ?

ನಾಲ್ಕು, ಪರೀಕ್ಷೆಗಳಲ್ಲಿ ಯಾರಿದ್ದರು? 1993ರಿಂದ 2017ರವರೆಗಿನ 18 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಭಾಗವಹಿಸಿದವರಲ್ಲಿ ಶೇ. 82ರಷ್ಟು ಬಿಳಿಯರು. ಕಪ್ಪು ಜನ ಶೇ. 3 ಕೂಡ ಇಲ್ಲ. ಪ್ರಯೋಗದ ಕಾಲಕ್ಕೆ ಕಪ್ಪು ಕೈದಿ, ಚಿಕಿತ್ಸೆಯ ಕಾಲಕ್ಕೆ ಬಿಳಿ ರೋಗಿ. ವರ್ಣಭೇದದ ಗಾಯಗಳಿಗೆ ಇದರಿಂದ ಸಮಾಧಾನ ಸಿಕ್ಕಿತು ಅಂತ ಹೇಳಿಕೊಂಡ ಕಪ್ಪು, ಮೂಲನಿವಾಸಿ, ಏಷ್ಯಾ ಮೂಲದ ಜನರ ಸಮೀಕ್ಷೆಯೊಂದೂ ಇದೆ. ಅದು ನೆನಪಿನಿಂದ ಹೇಳಿದ ಮಾತುಗಳು, ಪರೀಕ್ಷೆಯಲ್ಲ. ಆದರೂ ಪ್ರಶ್ನೆ ಎತ್ತಿದ್ದಾರಲ್ಲ! ಜಾತಿಯ ಗಾಯ ಮನಸ್ಸಿನ ಮೇಲೆ ಏನು ಮಾಡುತ್ತೆ, ಯಾವ ಚಿಕಿತ್ಸೆ ಅದನ್ನು ಮುಟ್ಟುತ್ತೆ ಅಂತ ನಮ್ಮ ದೇಶದಲ್ಲಿ ಕೇಳುವವರು ಎಷ್ಟು ಮಂದಿ?

ಇನ್ನೊಂದು ಮಾತು. ಇದನ್ನು ತಗೊಂಡು ಬಂದವರ ಬಾಯಲ್ಲಿ ಸದಾ ಕೇಳೋ ಪದ 'ಅಹಂ ಕರಗೋದು'. ನಾನು ಅನ್ನೋದೇ ಇಲ್ಲ, ಎಲ್ಲ ಒಂದೇ, ಅಂತ. ತಮ್ಮಾ, 'ನಾನು' ಅನ್ನೋದು ಹುಟ್ಟಿನಿಂದಲೇ ಊರಗಲ ಬೆಳೆದಿರೋನಿಗೆ ಅದು ಸ್ವಲ್ಪ ಕರಗಿದ್ರೆ ಒಳ್ಳೇದೇ. ಆದ್ರೆ ನಮ್ಮ ತಾತ 'ನಾನು' ಅನ್ನಲಿಲ್ಲ, 'ನಿಮ್ಮ ಪಾದ' ಅಂದ. ಬಾಬಾಸಾಹೇಬರು ಮಹಾಡ್ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಅವತ್ತಿನಿಂದ ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಕಟ್ಟಿಕೊಳ್ತಿರೋ 'ನಾನು' ನಮ್ಮದು. ಇನ್ನೂ ಗಾರೆ ಒಣಗಿಲ್ಲ. ಅದನ್ನು ಕರಗಿಸಿಕೋ ಅಂತ ರೆಸಾರ್ಟಿನಲ್ಲಿ ಕೂತವನು ಹೇಳಿದ್ರೆ ಕೋಪ ಬರುತ್ತೆ.

ಹಾಗಂತ ನನ್ನ ವಾದದಲ್ಲೂ ಒಂದು ಬಿರುಕಿದೆ, ಮುಚ್ಚಿಡಲ್ಲ. ಖಿನ್ನತೆ ಬಂದವನ ಒಳಗೆ "ನೀನು ಲಾಯಕ್ಕಿಲ್ಲ" ಅಂತ ಹಗಲೂ ರಾತ್ರಿ ಒಂದು ದನಿ ಹೇಳ್ತಿರುತ್ತೆ. ನನಗೂ ಹೇಳಿದೆ, ಅದು ನನ್ನ ದನಿಯೇ ಅನ್ನಿಸ್ತಿತ್ತು. ಎಷ್ಟೋ ದಿನದ ಮೇಲೆ ಗೊತ್ತಾಯ್ತು, ಅದು ಐದನೇ ಕ್ಲಾಸಿನಲ್ಲಿ ನನ್ನನ್ನು ಬಾಗಿಲ ಹತ್ತಿರ ಕೂರಿಸಿದ ಮೇಷ್ಟ್ರ ದನಿ ಅಂತ. ಆ ದನಿ ಸುಮ್ಮನಾಯ್ತು ಅಂತ ಪರೀಕ್ಷೆಯಲ್ಲಿದ್ದ ರೋಗಿಗಳು ಹೇಳಿದ್ದನ್ನು ಓದಿದಾಗ ನನಗೂ ಆಸೆ ಆಯ್ತು. ಕರಗಬೇಕಾದ್ದು ಅವರು ನಮ್ಮೊಳಗೆ ಇಟ್ಟುಹೋದ 'ನಾನು'. ಉಳೀಬೇಕಾದ್ದು ನಾವು ಕಟ್ಟಿಕೊಂಡ 'ನಾನು'. ಇವೆರಡನ್ನೂ ಬಿಡಿಸಿ ನೋಡೋಕೆ ಪಕ್ಕದಲ್ಲಿ ಜಾತಿ ಅಂದ್ರೇನು ಅಂತ ಗೊತ್ತಿರೋ ಚಿಕಿತ್ಸಕ ಬೇಕು. ಅಣಬೆಗೆ ಆ ವ್ಯತ್ಯಾಸ ಗೊತ್ತಿಲ್ಲ.

ಈಗ ಕಾನೂನು. ನಮ್ಮ ದೇಶದ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಸಿಲೋಸೈಬಿನ್ ಇದೆ. ಇಟ್ಕೊಂಡು ಸಿಕ್ಕಿಬಿದ್ದಾಗ 2 ಗ್ರಾಂವರೆಗೆ 'ಸಣ್ಣ ಪ್ರಮಾಣ', ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. 50 ಗ್ರಾಂ ದಾಟಿದರೆ 'ವಾಣಿಜ್ಯ ಪ್ರಮಾಣ', ಕನಿಷ್ಠ ಹತ್ತು ವರ್ಷ, ಜಾಮೀನು ಸಿಗೋದೇ ಕಷ್ಟ. ತೂಗಬೇಕಾದ್ದು ಇಡೀ ಅಣಬೆಯನ್ನಾ, ಅದರೊಳಗಿನ ಸಿಲೋಸೈಬಿನ್ನನ್ನಾ? ಒಣಗಿದ ಅಣಬೆಯಲ್ಲಿ ಅದು ಇರೋದು ನೂರಕ್ಕೆ ಒಂದರಷ್ಟು. ಅಣಬೆಯನ್ನು 'ಮಿಶ್ರಣ' ಅಂತ ನೋಡೋಕಾಗಲ್ಲ ಅಂತ 2025ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಜಾಮೀನು ಪ್ರಕರಣವೊಂದರಲ್ಲಿ ಹೇಳಿತು. ನಮ್ಮ ಕರ್ನಾಟಕ ಹೈಕೋರ್ಟ್, ಮದ್ರಾಸ್ ಹೈಕೋರ್ಟ್ ಮೊದಲೇ ಹೇಳಿದ್ದನ್ನು ಅದು ಒಪ್ಪಿಕೊಂಡಿತು. ಒಳ್ಳೇದೇ. ಆದ್ರೆ ಈ ವಾದ ಮಂಡಿಸೋಕೆ ಹೈಕೋರ್ಟ್ ತನಕ ಹೋಗೋ ವಕೀಲ ಬೇಕಲ್ಲ?

ಈ ದೇಶದ ಜೈಲುಗಳಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ದಲಿತರು. 2011ರ ಜನಗಣತಿ ಪ್ರಕಾರ ನಮ್ಮ ಜನಸಂಖ್ಯೆಯ ಪಾಲು ಶೇ. 16.6. ಒಂದೇ ಕಾರಿನಲ್ಲಿ ನಾಲ್ಕು ಹುಡುಗರು ಕೊಡೈಕೆನಾಲ್‌ನಿಂದ ವಾಪಸ್ ಬರ್ತಾ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದರು ಅಂತ ಇಟ್ಕೋ. ಮೂವರ ಅಪ್ಪಂದಿರು ಬೆಳಗಾಗೋದ್ರೊಳಗೆ ಫೋನ್ ಮಾಡಿಸ್ತಾರೆ. ನಿಮ್ಮಪ್ಪ ಯಾರಿಗೆ ಫೋನ್ ಮಾಡ್ತಾನೆ? ನಿನ್ನ ಸ್ಕಾಲರ್‌ಶಿಪ್, ನಿನ್ನ ಮುಂದಿನ ಸರ್ಕಾರಿ ಕೆಲಸ, ಪೊಲೀಸ್ ವೆರಿಫಿಕೇಶನ್? ಅವರಿಗೆ ಅದು 'ಎಕ್ಸ್‌ಪೀರಿಯನ್ಸ್', ನಿನಗೆ ಎಫ್‌ಐಆರ್.

ಇನ್ನು ದುಡ್ಡು. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಅನುಮತಿ ಪಡೆದ ಮನೋವೈದ್ಯರು ಇದನ್ನು ಬರೆದುಕೊಡಬಹುದು. ಅಮೆರಿಕದ ಒರೆಗಾನ್‌ನಲ್ಲಿ 2020ರಲ್ಲಿ ಜನ ಮತ ಹಾಕಿ ಒಪ್ಪಿ, 2023ರಿಂದ ಕೇಂದ್ರಗಳು ತೆರೆದಿವೆ. ಎರಡೂ ಕಡೆ ಖರ್ಚು ಸಾವಿರ ಡಾಲರುಗಳ ಲೆಕ್ಕದಲ್ಲಿ. ಕಂಪನಿಗಳು ಸಿಲೋಸೈಬಿನ್ನಿನ ಹರಳು ರೂಪಗಳ ಮೇಲೆ ಪೇಟೆಂಟ್ ತಗೊಂಡಿವೆ. ಮರಿಯಾ ಸಬೀನಾಳ ಜನಕ್ಕೆ ಪಾಲು ಕೊಡೋ ಮಾತು ಬರೀ ಭಾಷಣದಲ್ಲಿದೆ.

ನಮ್ಮಲ್ಲಿ ಏನಿದೆ? ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆ ಇರೋರಲ್ಲಿ ಶೇ. 85 ಮಂದಿಗೆ, ಕುಡಿತದ ಕಾಯಿಲೆ ಇರೋರಲ್ಲಿ ಶೇ. 86 ಮಂದಿಗೆ ಚಿಕಿತ್ಸೆಯೇ ಸಿಗ್ತಿಲ್ಲ. ಹೊಸ ಚಿಕಿತ್ಸೆ ಇರಲಿ, ಹಳೇ ಚಿಕಿತ್ಸೆಯೇ ಮುಟ್ಟಿಲ್ಲ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ. ಆ ಹೆಮ್ಮೆ ಇಟ್ಟುಕೊಂಡೇ ಕೇಳ್ತೀನಿ: ಇವತ್ತು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ವಾರಕ್ಕೆ ಎಷ್ಟು ದಿನ ಸಿಗ್ತಾರೆ? ಹೋಗಿ ನೋಡಿ.

ಕೊನೇದಾಗಿ, ರೋಹಿತ್ ವೇಮುಲನಿಗೆ ಯಾವ ಅಣಬೆ ಕೊಡಬೇಕಿತ್ತು? ಪಾಯಲ್ ತಡ್ವಿಗೆ ಯಾವ ಮಾತ್ರೆ? ಜಾತಿ ಅನ್ನೋದು ರೋಗಿಯ ಮಿದುಳಿನ ಕಾಯಿಲೆ ಅಲ್ಲ. ಹೊರಗೆ ತುಳಿಯೋ ಕಾಲನ್ನು ಬಿಟ್ಟು ಒಳಗಿನ ನೋವಿಗೆ ಮಾತ್ರ ಔಷಧಿ ಕೊಡೋರ ಬಗ್ಗೆ ಎಚ್ಚರ ಇರಲಿ. ಆದ್ರೆ ನಮ್ಮ ಚಳವಳಿಯವರಿಗೂ ಒಂದು ಮಾತು. "ಹೋರಾಟಕ್ಕೆ ಬಾ, ಎಲ್ಲ ಸರಿಹೋಗುತ್ತೆ" ಅಂತ ಖಿನ್ನತೆ ಬಂದವನಿಗೆ ನಾವು ಹೇಳಿದ್ದು ಸಾಕು. ನಾನೇ ಮೆರವಣಿಗೆಯಲ್ಲಿ ಮುಂದೆ ನಿಂತು ಘೋಷಣೆ ಕೂಗಿ, ರೂಮಿಗೆ ಬಂದು ಫ್ಯಾನ್ ನೋಡ್ತಾ ಮಲಗಿದವನು. ಒಂದೂವರೆ ವರ್ಷ ಮಾತ್ರೆ ತಗೊಂಡಿದ್ದೀನಿ. ಇವತ್ತಿಗೂ ಹೇಳೋಕೆ ನಾಚಿಕೆ ಇತ್ತು, ಇಲ್ಲಿ ಬರೆದು ಮುಗಿಸ್ತಿದ್ದೀನಿ. ನ್ಯಾಯವೂ ಬೇಕು, ಚಿಕಿತ್ಸೆಯೂ ಬೇಕು. ಒಂದಕ್ಕೆ ಇನ್ನೊಂದು ಬದಲಿ ಅಲ್ಲ.

ಹಾಗಾಗಿ ನಮ್ಮ ಬೇಡಿಕೆ ಇಷ್ಟು. ಈ ಔಷಧಿಯ ಪರೀಕ್ಷೆ ನಮ್ಮ ದೇಶದಲ್ಲಿ ನಡೆಯೋದಾದ್ರೆ ಸರ್ಕಾರಿ ಸಂಸ್ಥೆಗಳಲ್ಲಿ, ಸಾರ್ವಜನಿಕ ದುಡ್ಡಿನಲ್ಲಿ, ಬಯಲಲ್ಲಿ ನಡೀಲಿ. ಜೈಲಿನಲ್ಲಿರೋರ ಮೇಲೆ, ಕೂಲಿಗೆ ಬಂದವರ ಮೇಲೆ ಬೇಡ. ಒಪ್ಪಿಗೆ ಪತ್ರ ಓದಿದ್ರೆ ಅರ್ಥವಾಗೋ ಕನ್ನಡದಲ್ಲಿರಲಿ. ಯಾವ ಸಮುದಾಯದವರಿಗೆ ಏನಾಯ್ತು ಅನ್ನೋದು ದಾಖಲಾಗಲಿ. ಫಲ ಬಂದ್ರೆ ಕಾರ್ಪೊರೇಟ್ ಆಸ್ಪತ್ರೆಗೆ ಮೊದಲು ಜಿಲ್ಲಾಸ್ಪತ್ರೆಗೆ ಬರಲಿ. ತಿಂದವನನ್ನು ಜೈಲಿಗೆ ಹಾಕೋ ಬದಲು ಆಸ್ಪತ್ರೆಗೆ ಕಳಿಸೋ ಕಾನೂನು ಬರಲಿ.

ಅಲ್ಲಿಯವರೆಗೆ, ತಮ್ಮಾ, ನಿನಗೆ: ಕೊಡೈಕೆನಾಲ್ ಬೇಡ. ತಗೋತಿರೋ ಮಾತ್ರೆಯನ್ನು ಯಾರೋ ಹೇಳಿದ್ರು ಅಂತ ತಟ್ಟನೆ ನಿಲ್ಲಿಸಬೇಡ. ಅದು ಕೆಲಸ ಮಾಡ್ತಿಲ್ಲ ಅನ್ನಿಸಿದ್ರೆ ಡಾಕ್ಟ್ರಿಗೇ ಹೇಳು, ಬದಲಾಯಿಸೋಕೆ ಬೇರೆ ಮಾತ್ರೆಗಳಿವೆ, ಬೇರೆ ದಾರಿಗಳಿವೆ. ರಾತ್ರಿ ತಡೆಯೋಕಾಗದಿದ್ರೆ ಟೆಲಿಮಾನಸ್ 14416ಕ್ಕೆ ಫೋನ್ ಮಾಡು. ಸರ್ಕಾರದ್ದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಈ ಪೋಸ್ಟ್ ಓದೋ ಬೇರೆ ಯಾರಾದ್ರೂ ಈಗಾಗಲೇ ಅಣಬೆ ತಿಂದು ಹೆದರಿಕೊಂಡಿದ್ರೆ, ಒಬ್ಬರೇ ಇರಬೇಡಿ. ನಂಬೋ ಒಬ್ಬರನ್ನು ಕರೀರಿ. ವಾಂತಿ, ಜ್ವರ, ಫಿಟ್ಸ್, ಎದೆನೋವು, ಸಾಯೋ ಯೋಚನೆ, ಯಾವುದಿದ್ರೂ ನೇರ ಆಸ್ಪತ್ರೆಗೆ ಹೋಗಿ, ತಿಂದದ್ದು ಏನು ಅಂತ ಮುಚ್ಚಿಡದೆ ಹೇಳಿ. ನಾಚಿಕೆಗಿಂತ ಜೀವ ದೊಡ್ಡದು.

ಇದನ್ನೆಲ್ಲ ಅವನಿಗೆ ಫೋನಿನಲ್ಲಿ ಓದಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ "ಅಣ್ಣ, ಆಸ್ಪತ್ರೆಗೆ ನೀನೂ ಬರ್ತೀಯಾ?" ಅಂದ.

ಸೋಮವಾರ ಬೆಳಿಗ್ಗೆ ಏಳಕ್ಕೆ ಇಬ್ಬರೂ ಓಪಿಡಿ ಚೀಟಿ ಮಾಡಿಸೋ ಸಾಲಿನಲ್ಲಿ ನಿಂತಿರ್ತೀವಿ. ಅವ್ವ ಬುತ್ತಿ ಕಟ್ಟಿಕೊಡ್ತೀನಿ ಅಂದಿದ್ದಾಳೆ.

ಜೈಭೀಮ್.